ಭದ್ರಾದ ಹುಲಿ ಹಿಕ್ಕೆಯಲ್ಲಿ ಡಿಎನ್‌ಎ ಸಿಗದಿದ್ದರೆ

ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ಹುಲಿಗಳನ್ನು ಹಿಕ್ಕೆಯ ಡಿಎನ್‌ಎಯಿಂದ ಎಣಿಸಲು ಹೊರಟ ನೀವು, ಜುಲೈನಲ್ಲಿ ಅಲ್ಲಿನ ಲಕ್ಕವಳ್ಳಿ ಕಡೆ ಆಯ್ದ 20 ಹಿಕ್ಕೆಗಳಲ್ಲಿ ಮೂರಕ್ಕಷ್ಟೇ ಮೈಕ್ರೋಸ್ಯಾಟಲೈಟ್ (ಒಂದು ಹುಲಿಯನ್ನು ಇನ್ನೊಂದರಿಂದ ಬೇರೆಯಾಗಿ ಗುರುತಿಸುವ, ಮರುಕಳಿಸುವ ಡಿಎನ್‌ಎ ತುಣುಕು) ಬಂತು, ಯಾಕೆ ಅಂತ ಕೇಳಿದ್ದೀರಿ. ಕಾರಣ ಬಹುತೇಕ ಮಳೆ. ಹಿಕ್ಕೆಗೆ ಅಂಟಿದ ಕರುಳಿನ ಜೀವಕೋಶಗಳು ತೊಳೆದುಹೋಗುತ್ತವೆ, ಉಳಿದ ಡಿಎನ್‌ಎ ತುಂಡುತುಂಡಾಗುತ್ತದೆ. ಡಿಎನ್‌ಎಯನ್ನು ಹಲವು ಪಟ್ಟು ನಕಲು ಮಾಡುವ ಪಿಸಿಆರ್ ಕ್ರಿಯೆಯನ್ನು ತಡೆಯುವ ಅಂಶಗಳೂ ಇರಬಹುದು, ಮಾದರಿ ನೋಡದೆ ಖಚಿತ ಹೇಳಲಾರೆ. ಡಿಎನ್‌ಎ ದ್ರಾವಣವನ್ನು ಹತ್ತು ಪಟ್ಟು ತೆಳು ಮಾಡಿ ಇನ್ನೊಮ್ಮೆ ಪಿಸಿಆರ್‌ಗೆ ಹಾಕಿ; ಬಂದರೆ ತೊಂದರೆ ಆ ತಡೆಯುವ ಅಂಶಗಳದ್ದೇ.

ಬಾರದಿದ್ದರೆ ಇವನ್ನು ಬಿಟ್ಟು ಜನವರಿಯಿಂದ ಮಾರ್ಚ್‌ ನಡುವೆ ಬೆಳಗ್ಗೆ ಬೇಗ ಹೋಗಿ ಹೊಸದನ್ನು ಹುಡುಕಿ. ಅರಣ್ಯ ಇಲಾಖೆಯ ಅನುಮತಿ ಅಲ್ಲಿವರೆಗೂ ಇದೆಯೇ ನೋಡಿಕೊಳ್ಳಿ. ಹಿಕ್ಕೆಯನ್ನು ಒಡೆಯಬೇಡಿ. ಒಳಗೆ ಸಿಗುವುದು ಕಡವೆಯ ಕೂದಲು, ಮೂಳೆಚೂರು; ಹುಲಿಯ ಜೀವಕೋಶ ಇರುವುದು ಹೊರಗೆ ಮಿರುಗುವ ಲೋಳೆಯಲ್ಲಿ. ಅದನ್ನು ಹತ್ತಿಕಡ್ಡಿಯಿಂದ ಮೆಲ್ಲಗೆ ಒರೆಸಿ ಲೈಸಿಸ್ ಬಫರ್‌ಗೆ (ಜೀವಕೋಶ ಒಡೆದು ಡಿಎನ್‌ಎ ಹೊರತರುವ ದ್ರಾವಣ) ಹಾಕಿ. ಪ್ರತಿ ಹಿಕ್ಕೆಗೂ ಹೊಸ ಕೈಗವಸು.

ಲ್ಯಾಬ್‌ನಲ್ಲಿ ಮೊದಲು ಮೈಟೊಕಾಂಡ್ರಿಯಾದ (ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗ) ಡಿಎನ್‌ಎ ಗುರುತಿನಿಂದ ಹುಲಿಯೋ ಚಿರತೆಯೋ ನೋಡಿ, ಎರಡೂ ಒಂದೇ ದಾರಿ ತುಳಿಯುತ್ತವೆ. ಆಮೇಲೆ ಮೈಕ್ರೋಸ್ಯಾಟಲೈಟ್, ಪ್ರತಿಯೊಂದನ್ನೂ ಮೂರು ಸಲವಾದರೂ ಮಾಡಿ. ಒಂದು ಆಲೀಲ್ (ತಂದೆ ಅಥವಾ ತಾಯಿಯಿಂದ ಬಂದ ಪ್ರತಿ) ತಪ್ಪಿಹೋದರೂ ಒಂದೇ ಹುಲಿ ಎರಡಾಗಿ ಎಣಿಕೆಯಾಗಬಹುದು. ಇಲ್ಲದ ಹುಲಿಯನ್ನು ಇದೆ ಅಂತ ಬರೆಯುವುದು ಕಾಡಿಗೆ ಮಾಡುವ ಅನ್ಯಾಯ. ಆಗಲೂ ಕೈಕೊಟ್ಟರೆ ಎಸ್‌ಎನ್‌ಪಿಗೆ (ಡಿಎನ್‌ಎಯ ಒಂದೇ ಅಕ್ಷರದ ವ್ಯತ್ಯಾಸ ನೋಡುವ ವಿಧಾನ) ಹೋಗಿ, ಅದಕ್ಕೆ ಚಿಕ್ಕ ತುಣುಕೂ ಸಾಕು.