ರೇಡಿಯೇಟರ್ ಫ್ಯಾನ್ ಕವರ್ ಸೀಳಿದರೆ ಅಂಟಿಸಬಹುದಾ?

ಕಾರಿನ ರೇಡಿಯೇಟರ್ ಫ್ಯಾನ್ ಸುತ್ತಲಿನ ಪ್ಲಾಸ್ಟಿಕ್ ಕವರ್ ಬಗ್ಗೆ ಕೇಳಿದ್ದೀರಿ. ಸೀಳು ಎಲ್ಲಿದೆ ಅನ್ನೋದು ಮುಖ್ಯ. ಮೋಟರ್ ಕೂರುವ ಪಟ್ಟಿಗಳಲ್ಲಿದ್ದರೆ ಸುಮ್ನೆ ಹೊಸದು ಹಾಕಿಸಿ. ಮೋಟರ್ ಕಳಚಿದರೆ ಬ್ಲೇಡು ರೇಡಿಯೇಟರನ್ನೇ ಕೊರೆಯಬಹುದು, ಆಗ ಖರ್ಚು ಜಾಸ್ತಿ.

ಅಂಚಿನಲ್ಲಿದ್ದರೆ ರಿಪೇರಿ ಮಾಡಬಹುದು. ಮೊದಲು ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ಎಷ್ಟೋ ಕಾರುಗಳಲ್ಲಿ ಇಂಜಿನ್ ಆಫ್ ಇದ್ದರೂ ಫ್ಯಾನ್ ತಾನಾಗಿ ತಿರುಗುತ್ತದೆ. ಕವರ್ ಹೊರತೆಗೆದು ಅದರ ಮೇಲಿನ ಗುರುತು ನೋಡಿ. ‘ಪಿಪಿ’ ಇದ್ದರೆ ಪಾಲಿಪ್ರೊಪಿಲೀನ್, ಮಾಮೂಲಿ ಅಂಟು ಹಿಡಿಯುವುದಿಲ್ಲ. ‘ಪಿಎ’ ಅಂದರೆ ನೈಲಾನ್. ಸೀಳಿನ ತುದಿಗೆ 3 ಮಿ.ಮೀ. ತೂತು ಕೊರೆಯಿರಿ, ಅದು ಮುಂದೆ ಹರಿಯುವುದು ತಪ್ಪುತ್ತದೆ. ಆಮೇಲೆ ಸಣ್ಣ ಸ್ಟೀಲ್ ಜಾಲರಿಯನ್ನು ಸೋಲ್ಡರಿಂಗ್ ಐರನ್‌ನಿಂದ ಒತ್ತಿ ಪ್ಲಾಸ್ಟಿಕ್ ಒಳಗೆ ಕೂರಿಸಿ. ಮೇಲೆ ಅದೇ ಜಾತಿಯ ಪ್ಲಾಸ್ಟಿಕ್ ಕರಗಿಸಿ ಮುಚ್ಚಿ. ಹೊಗೆ ಕುಡಿಯಬೇಡಿ, ಬಯಲಲ್ಲಿ ಮಾಡಿ. ಮತ್ತೆ ಜೋಡಿಸಿದ ಮೇಲೆ ಬ್ಲೇಡನ್ನು ಕೈಯಿಂದ ತಿರುಗಿಸಿ, ಎಲ್ಲೂ ತಗಲಬಾರದು.