ಟರ್ಮಿನಲ್ ಮುಟ್ಟದೆ ಲಿನಕ್ಸ್ ಸೆಟ್ಟಿಂಗ್ ಮಾಡಬಹುದಾ?

ಪ್ರಶ್ನೆ: ಸರ್, ಗಂಗಾವತಿಯಲ್ಲಿ ನನ್ನದೊಂದು ಜೆರಾಕ್ಸ್, ಡಿಟಿಪಿ ಅಂಗಡಿ ಇದೆ. ಅರ್ಜಿ, ಬಾಂಡ್, ಲಗ್ನಪತ್ರಿಕೆ ಟೈಪ್ ಮಾಡಿ ಪ್ರಿಂಟ್ ಕೊಡೋದು ಕೆಲಸ. ವಿಂಡೋಸ್ 10ಕ್ಕೆ ಅಪ್‌ಡೇಟ್ ನಿಂತ ಮೇಲೆ ಅಕ್ಕನ ಮಗ ಲಿನಕ್ಸ್ ಮಿಂಟ್ ಹಾಕಿಕೊಟ್ಟು ಬೆಂಗಳೂರಿಗೆ ಹೋದ. ವಿಂಡೋಸನ್ನೂ ಹಾಗೇ ಉಳಿಸಿದ್ದಾನೆ. ನುಡಿ ಕೀಬೋರ್ಡ್ ಬರುತ್ತಿಲ್ಲ. ಡಿ ಡ್ರೈವನ್ನು ಪ್ರತಿಸಲ ನಾನೇ ತೆರೆಯಬೇಕು. ಪ್ರಿಂಟರ್ ಇನ್ನೂ ಜೋಡಿಸಿಲ್ಲ. ಯಾವ ವಿಡಿಯೋ ನೋಡಿದರೂ ಟರ್ಮಿನಲ್ ತೆರೆಯಿರಿ ಅಂತಾರೆ. ಆ ಕಪ್ಪು ಪರದೆ ಕಂಡರೇ ಭಯ. ಇದೆಲ್ಲ ಮೌಸ್‌ನಲ್ಲೇ ಆಗುತ್ತಾ?
– ಒಬ್ಬ ಓದುಗರು, ಗಂಗಾವತಿ, ಕೊಪ್ಪಳ ಜಿಲ್ಲೆ

ಉತ್ತರ: ಆಗುತ್ತೆ, ಮೂರೂ ಆಗುತ್ತವೆ. ವಿಡಿಯೋದವರು ಟರ್ಮಿನಲ್ ಅನ್ನೋದಕ್ಕೆ ಕಾರಣ ಇದೆ. ಲಿನಕ್ಸ್‌ನಲ್ಲಿ ಬಗೆಗಳು ಜಾಸ್ತಿ, ಒಂದೊಂದರಲ್ಲಿ ಮೆನು ಒಂದೊಂದು ಥರ. ಕಮಾಂಡ್ ಆದರೆ ಹೆಚ್ಚುಕಡಿಮೆ ಎಲ್ಲದಕ್ಕೂ ಹೊಂದುತ್ತೆ. ಅದು ಹೇಳುವವರ ಅನುಕೂಲ. ನೀವು ಸೆಟ್ಟಿಂಗ್ಸ್‌ನಲ್ಲಿ ಟಿಕ್ ಹಾಕಿದರೂ, ಅವರು ಕಮಾಂಡ್ ಕೊಟ್ಟರೂ, ಎಷ್ಟೋ ಸಲ ಒಳಗೆ ಬದಲಾಗೋದು ಅದೇ ಫೈಲು. ಹಾಗಾಗಿ ಮೌಸ್ ಬಳಸೋದರಲ್ಲಿ ಸಂಕೋಚ ಬೇಡ. ‘ಸುಡೋ’ ಅಂತ ಶುರುವಾಗುವ ಕಮಾಂಡನ್ನು ಮಾತ್ರ ಅರ್ಥವಾಗದೆ ಕಾಪಿ ಮಾಡಿ ಹಾಕಬೇಡಿ. ಇಡೀ ಸಿಸ್ಟಮ್ಮನ್ನು ಬದಲಿಸುವ ಅಧಿಕಾರ ಅದಕ್ಕಿರುತ್ತೆ.

ಬೇರೇನು ಮಾಡುವ ಮೊದಲೂ ಮೆನುವಿನಲ್ಲಿ ಟೈಮ್‌ಶಿಫ್ಟ್ ತೆರೆದು ಒಂದು ಸ್ನ್ಯಾಪ್‌ಶಾಟ್ ಮಾಡಿಟ್ಟುಕೊಳ್ಳಿ. ಏನಾದರೂ ಕೆಟ್ಟರೆ ಸಿಸ್ಟಮ್ ಇವತ್ತಿನ ಸ್ಥಿತಿಗೆ ವಾಪಸ್ ಬರುತ್ತೆ. ಪರದೆಯೇ ಬರದಿದ್ದರೂ ಮಿಂಟ್ ಹಾಕಿದ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಶುರು ಮಾಡಿ, ಅಲ್ಲಿರುವ ಟೈಮ್‌ಶಿಫ್ಟ್‌ನಿಂದಲೇ ರಿಸ್ಟೋರ್ ಮಾಡಬಹುದು. ಆ ಪೆನ್‌ಡ್ರೈವ್ ಅಳಿಸಬೇಡಿ. ಟೈಮ್‌ಶಿಫ್ಟ್ ಕಾಯೋದು ಸಿಸ್ಟಮ್ಮನ್ನು ಮಾತ್ರ. ಗಿರಾಕಿಗಳ ಫೈಲುಗಳನ್ನು ಬೇರೆ ಡಿಸ್ಕ್‌ಗೆ ನೀವೇ ಕಾಪಿ ಮಾಡಿಡಬೇಕು.

ಇನ್ನು ಕನ್ನಡ. ನಿಮ್ಮ ಅಂಗಡಿ ನಡೆಯೋದೇ ಅದರ ಮೇಲೆ ಅಲ್ವಾ? ಸಿಸ್ಟಮ್ ಸೆಟ್ಟಿಂಗ್ಸ್, ಕೀಬೋರ್ಡ್, ಲೇಔಟ್ಸ್. ಅಲ್ಲಿ ಪ್ಲಸ್ ಒತ್ತಿ ಕನ್ನಡ ಹುಡುಕಿದರೆ ಎರಡು ಸಿಗುತ್ತವೆ. ಬರೀ ‘ಕನ್ನಡ’ ಅಂತಿರೋದು ಇನ್‌ಸ್ಕ್ರಿಪ್ಟ್ ಅನ್ನುವ ಬೇರೆ ಕೀ ಜೋಡಣೆ, ನಿಮ್ಮ ಬೆರಳಿಗೆ ಹೊಸದು. ‘ಕಗಪ’ ಅಂತಿರೋದನ್ನು ಆರಿಸಿ. ನುಡಿಯಲ್ಲಿ ಬರುವ ವಿನ್ಯಾಸವೇ ಅದು. ಕೆ, ಎಫ್, ಕೆ ಒತ್ತಿದರೆ ‘ಕ್ಕ’ ಬರುತ್ತೆ.

ಆದರೆ ಒಂದು ಕಡೆ ಕೈ ತಡೆಯುತ್ತೆ. ‘ಆನೆಗೊಂದಿ’ ಅಂತ ಟೈಪ್ ಮಾಡಿ ನೋಡಿ. ಶಿಫ್ಟ್ ಹಿಡಿದು ಎ ಒತ್ತಿದರೆ ‘ಆ’ ಬರೋದಿಲ್ಲ, ಬರೀ ದೀರ್ಘ ಬರುತ್ತೆ. ಪದದ ಮೊದಲಲ್ಲಿ ಬರುವ ಇಂಥ ಸ್ವರಕ್ಕೆ ಇಲ್ಲಿ ಬಲಗಡೆಯ ಆಲ್ಟ್ ಕೀಯನ್ನೂ ಜೊತೆಗೆ ಹಿಡಿಯಬೇಕು. ದಿನಪೂರ್ತಿ ಟೈಪ್ ಮಾಡುವವರಿಗೆ ಇದು ಕಿರಿಕಿರಿ. ನನ್ನ ಸಲಹೆ ಕೇಳಿದರೆ, ಸಾಫ್ಟ್‌ವೇರ್ ಹಾಕಿಕೊಡುವ ಸಿನಾಪ್ಟಿಕ್ ತೆರೆದು ‘ಐಬಸ್-ಎಂ17ಎನ್’ (ibus-m17n) ಪ್ಯಾಕೇಜ್ ಹಾಕಿಕೊಳ್ಳಿ. ಐಬಸ್ ಅಂದರೆ ಬೇರೆ ಬೇರೆ ಭಾಷೆ ಟೈಪ್ ಮಾಡಲು ನೆರವಾಗುವ ಸಾಫ್ಟ್‌ವೇರ್. ಇನ್‌ಪುಟ್ ಮೆಥಡ್ ಸೆಟ್ಟಿಂಗ್‌ನಲ್ಲಿ ಐಬಸ್ ಆರಿಸಿ, ಲಾಗ್‌ಔಟ್ ಆಗಿ ಮತ್ತೆ ಬನ್ನಿ. ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡದ ಕೆಳಗೆ ‘ಕೆಜಿಪಿ’ ಸೇರಿಸಿ. ಇದು ಪದದ ಮೊದಲಲ್ಲಿ ತಾನಾಗಿಯೇ ಪೂರ್ತಿ ಸ್ವರ ಕೊಡುತ್ತೆ. ಇದನ್ನು ಹಾಕಿಕೊಂಡರೆ ಮೊದಲು ಸೇರಿಸಿದ ಲೇಔಟ್ ತೆಗೆದುಬಿಡಿ, ಎರಡೂ ಇದ್ದರೆ ಗೊಂದಲ.

ಹಳೆಯ ನುಡಿ ಫೈಲುಗಳು ಗಜಿಬಿಜಿಯಾಗಿ ಕಂಡರೆ ಗಾಬರಿಯಾಗಬೇಡಿ. ಅವು ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ, ಆ ಫಾಂಟ್ ಇಲ್ಲದೆ ಓದಲು ಬರೋದಿಲ್ಲ. ವಿಂಡೋಸ್‌ನಲ್ಲಿರುವ ಫಾಂಟ್ ಫೈಲನ್ನು ಕಾಪಿ ಮಾಡಿ, ಮಿಂಟ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಒತ್ತಿ.

ಡಿ ಡ್ರೈವ್‌ಗೆ ‘ಡಿಸ್ಕ್ಸ್’ ತೆರೆಯಿರಿ. ಆ ಪಾರ್ಟಿಶನ್ (ಡಿಸ್ಕ್‌ನ ಆ ಭಾಗ) ಆರಿಸಿ, ಗೇರ್ ಗುರುತು ಒತ್ತಿ ‘ಎಡಿಟ್ ಮೌಂಟ್ ಆಪ್ಶನ್ಸ್’ಗೆ ಹೋಗಿ. ಮೌಂಟ್ ಅಂದರೆ ಡ್ರೈವನ್ನು ಬಳಸಲು ತೆರೆದಿಡೋದು. ಮೇಲಿರುವ ‘ಯೂಸರ್ ಸೆಶನ್ ಡಿಫಾಲ್ಟ್ಸ್’ ಆಫ್ ಮಾಡಿ, ‘ಮೌಂಟ್ ಅಟ್ ಸಿಸ್ಟಮ್ ಸ್ಟಾರ್ಟಪ್’ಗೆ ಟಿಕ್ ಇರಲಿ. ಕೆಳಗಿನ ಸಾಲಿನಲ್ಲಿ ‘ನೋಫೇಲ್’ ಅನ್ನುವ ಪದ ಇರುತ್ತೆ. ಅದನ್ನು ಅಳಿಸಬೇಡಿ. ನಾಳೆ ಆ ಡಿಸ್ಕ್ ಕೆಟ್ಟರೂ ಕಂಪ್ಯೂಟರ್ ಶುರುವಾಗೋದು ಆ ಪದ ಇರೋದರಿಂದ. ಅದೇ ಗೇರ್ ಮೆನುವಿನಲ್ಲಿ ‘ಫಾರ್ಮ್ಯಾಟ್’ ಕೂಡ ಇದೆ, ಒತ್ತುವಾಗ ಜೋಪಾನ. ಡ್ರೈವ್ ತೆರೆದರೂ ಫೈಲ್ ಸೇವ್ ಆಗದಿದ್ದರೆ ಹೆಚ್ಚಾಗಿ ಕಾರಣ ವಿಂಡೋಸ್‌ನ ‘ಫಾಸ್ಟ್ ಸ್ಟಾರ್ಟಪ್’. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮುಚ್ಚಿರೋದಿಲ್ಲ. ವಿಂಡೋಸ್‌ಗೆ ಹೋಗಿ ಅದನ್ನು ಆಫ್ ಮಾಡಿ, ಪೂರ್ತಿ ಶಟ್‌ಡೌನ್ ಮಾಡಿ ಬನ್ನಿ.

ಪ್ರಿಂಟರ್ ಸುಲಭ. ಯುಎಸ್‌ಬಿ ಚುಚ್ಚಿ ‘ಪ್ರಿಂಟರ್ಸ್’ ತೆರೆಯಿರಿ. ಹೊಸವು ಸಾಮಾನ್ಯವಾಗಿ ತಾವೇ ಕಾಣಿಸಿಕೊಳ್ಳುತ್ತವೆ, ಇಲ್ಲದಿದ್ದರೆ ‘ಆ್ಯಡ್’ ಒತ್ತಿ ಮಾದರಿ ಆರಿಸಿ. ಕೆಲವು ಹಳೆಯ ಲೇಸರ್ ಪ್ರಿಂಟರ್‌ಗಳಿಗೆ ಮಾತ್ರ ಬೇರೆ ಡ್ರೈವರ್ ಬೇಕು. ನಿಮ್ಮದು ಅಂಥದ್ದಾದರೆ ಅದರ ಮೇಲಿರುವ ಮಾದರಿ ಸಂಖ್ಯೆ ಬರೆದು ಕಳಿಸಿ. ಡ್ರೈವರ್ ಹೆಸರು, ಹಾಕುವ ಬಗೆ ಎರಡನ್ನೂ ತಿಳಿಸುತ್ತೇನೆ. ಅಲ್ಲಿಯವರೆಗೆ ಪಿಡಿಎಫ್ ಮಾಡಿಕೊಂಡು ವಿಂಡೋಸ್‌ನಿಂದ ಪ್ರಿಂಟ್ ತೆಗೆಯಿರಿ, ಗಿರಾಕಿ ಕಾಯಬೇಕಾಗಿಲ್ಲ.