ಬೇಸಿಗಿ ಬಿರುಕು ನೋಡಿ ಗಿಲಾವಿಗೆ ಕೈ ಹಾಕಬ್ಯಾಡ್ರಿ

ತಮ್ಮಾ, ಸಿಂಧನೂರು ಕಡೆಯಿಂದ ನೀವು ಹಾಕಿದ ನಾಕೂ ಫೋಟೋ ದೊಡ್ಡದು ಮಾಡಿ ನೋಡಿದೆ. ಅಜ್ಜ ಕಟ್ಟಿದ ಮಣ್ಣಿನ ಮಾಳಗಿ ಮನಿ, ಎರಿ (ಕಪ್ಪು ಮಣ್ಣಿನ) ನೆಲ, ಪಡಸಾಲಿ ಗ್ವಾಡ್ಯಾಗ ಬೆರಳು ಹೋಗುವಷ್ಟು ಬಿರುಕು. ಶ್ರಾವಣದಾಗ ತಂಗಿ ಮದುವಿ ಐತಿ, ಅದಕ್ಕ ಈ ಮೇ ತಿಂಗಳದಾಗ ಬಿರುಕಿಗೆ ಸಿಮೆಂಟ್ ತುಂಬಿ, ಒಳಗ-ಹೊರಗ ಗಿಲಾವ್ (ಪ್ಲಾಸ್ಟರ್) ಮಾಡಿಸಿ, ಬಣ್ಣ ಹೊಡಸ್ತೀನಿ, ಯಾವ ಪುಟ್ಟಿ ಚಲೋ ಅಂತ ಕೇಳೀರಿ. ಪುಟ್ಟಿ ಮಾತು ಆಮ್ಯಾಲೆ. ಇದೇ ಕೆಲಸ, ಇದೇ ತಿಂಗಳದಾಗ, 2009ರಾಗ ನಾನು ಮಾಡಿ ಅದೇ ವರ್ಷ ಗ್ವಾಡಿ ಕಳಕೊಂಡೀನಿ. ಉದ್ದ ಆದ್ರೂ ಪೂರ್ತಿ ಓದ್ರಿ.

ನಮ್ದು ಯಲಬುರ್ಗಾ ತಾಲೂಕು, ಅದೂ ಎರಿನ. ಎರಡಡಿ ದಪ್ಪದ ಮಣ್ಣಿನ ಗ್ವಾಡಿ, ಕೆಳಗ ಕಲ್ಲಿನ ಬುನಾದಿ. ಬಿಸಲಿಗೆ ಹೊಲ ಬಾಯಿ ಬಿಟ್ಟಂಗ ಮನಿ ಕೆಳಗಿನ ಎರಿನೂ ಕುಗ್ಗತೈತಿ, ಗ್ವಾಡಿ ಬಿರುಕು ವರ್ಷದಾಗ ಭಾಳ ಅಗಲ ಇರೋದು ಮೇ ತಿಂಗಳದಾಗನ. ಗೌಂಡಿ ಬಂದು ಒಂದು ಪಾಲು ಸಿಮೆಂಟಿಗೆ ನಾಕು ಪಾಲು ಉಸುಕು ಹಾಕಿ ಮಾಲು ಕಲಸಿ ಬಿರುಕಿನ ಬಾಯಿತುಂಬ ಗಿಡಿದ. ಮ್ಯಾಲೆ ಜಾಳಗಿ ಹೊಡದು ಗಿಲಾವ್, ಹೊರಗ ಎಣ್ಣಿ ಬಣ್ಣ. ಊರ ಮಂದಿ ನಿಂತು ನೋಡೋಹಂಗ ಆಗಿತ್ತು. ಜೂನ್‌ದಾಗ ಮಿರಗ ಮಳಿ ಬಿತ್ತು, ನೆಲ ಉಬ್ಬಿತು. ಉಬ್ಬಿದ ಮ್ಯಾಲೆ ಬಿರುಕು ಕೂಡಬೇಕು, ಕೂಡಾಕ ಜಾಗಾ ಎಲ್ಲೈತಿ? ಕಲ್ಲಿನಂಥ ಸಿಮೆಂಟ್ ನಡುವ ಕುಂತೈತಿ. ಮೊದಲು ದೇವರ ಕ್ವಾಣಿ ಬಾಗಲಾ ಬಿಗಿ ಆತು. ಚೌಕಟ್ಟಿಗೆ ನೀರು ಕುಡದೈತಿ ಅಂತ ರಂದಾ ಹೊಡಸಿದ್ವಿ. ಆಗಸ್ಟ್‌ದಾಗ ಹಳೇ ಬಿರುಕಿನ ಒಂದಡಿ ಆಚೆ ಹೊಸಾ ಬಿರುಕು ಬಂತು. ಆಗಲೂ ನನಗ ತಿಳೀಲಿಲ್ಲ, ಗೌಂಡಿಗೆ ಬೈದೆ.

ಆಮ್ಯಾಲೆ ಹಸ್ತಾ ಮಳಿ. 2009ರ ಸೆಪ್ಟೆಂಬರ್ ಕೊನಿ, ಅಕ್ಟೋಬರ್ ಮೊದಲ ದಿನಗಳ ಮಳಿ ನಮ್ಮ ಭಾಗದಾಗ ಯಾರೂ ಮರೆತಿಲ್ಲ. ಮಾಳಗಿ ಅಂಚಿನಿಂದ ನೀರು ಗಿಲಾವಿನ ಹಿಂದ ಇಳೀತು. ಮಣ್ಣಿನ ಗ್ವಾಡಿ ತೊಯ್ದರೆ ಉಸಿರಾಡಿ ಒಣಗಬೇಕು, ಆದ್ರ ಅದರ ಬಾಯಿ ಎರಡೂ ಕಡೆ ನಾನ ಮುಚ್ಚಿದ್ದೆ. ಹೊರಗಿಂದ ನೋಡಿದ್ರ ಬಣ್ಣ ಹೊಳೀತಿತ್ತು, ಒಣಾ ಗ್ವಾಡಿ ಅನಸ್ತಿತ್ತು. ಎರಡನೇ ರಾತ್ರಿ ಕಂದೀಲು ಹಿಡದು ಅಂಗೈ ಇಟ್ಟು ಒತ್ತಿದೆ, ಗಿಲಾವು ಒಳಗ ಹೋಗಿ ಮತ್ತ ಹೊರಗ ಬಂತು. ಅವ್ವನ್ನ, ದನಾನ ಗುಡಿ ಕಡೆ ಸಾಗಿಸಿದ್ವಿ. ನಸುಕಿನ್ಯಾಗ ಬಡಗ ದಿಕ್ಕಿನ ಗ್ವಾಡಿ ಕುಂತಲ್ಲೇ ಕುಂತು ಬಿಡ್ತು. ಗಿಲಾವು ಮಾತ್ರ ಚಾಪಿಯಂಗ ಒಂದೇ ತುಂಡಾಗಿ ಬಿದ್ದಿತ್ತು, ಅದರ ಹಿಂದಿನ ಮಣ್ಣು ರೊಟ್ಟಿಗೆ ನಾದಿದ ಹಿಟ್ಟಿನಂಗ. ಎದುರು ಮನಿಯವರದು ಬರೇ ಮಣ್ಣಿನ ಗಿಲಾವು, ನಿಂತಿತು. ಅವರ ಬಚ್ಚಲ, ಗ್ವಾಡಿಯಿಂದ ದೂರ ಇತ್ತು, ಅದೂ ಒಂದು ಕಾರಣ ಇದ್ದೀತು. ಎಲ್ಲಾ ತಪ್ಪು ಸಿಮೆಂಟಿಂದ ಅಂತ ನಾ ಹೇಳಂಗಿಲ್ಲ.

ಅದಕ್ಕ ಹೇಳೋದು, ಒಂದು ಮಳಿಗಾಲ ಮನಿನ ನೋಡ್ರಿ, ಆಮ್ಯಾಲೆ ನಿರ್ಧಾರ ಮಾಡ್ರಿ. ನೋಡೋದು ಅಂದ್ರ ಕಣ್ಣಿಲೆ ಅಲ್ಲ, ಅಳತಿಲೆ. ಬಿರುಕಿನ ಆ ಕಡೆ ಒಂದು, ಈ ಕಡೆ ಒಂದು ಮೊಳಿ ಹೊಡೀರಿ, ನಡುವ ಅರ್ಧ ಗೇಣು ಇರಲಿ. ಸ್ಟೀಲ್ ಪಟ್ಟಿ ಇಟ್ಟು ಮೊಳಿ ನಡುವಿನಿಂದ ಮೊಳಿ ನಡುವಿಗೆ ಮಿಲಿಮೀಟರ್‌ದಾಗ ಅಳದು, ಪಕ್ಕದಾಗ ಪೆನ್ಸಿಲ್‌ಲೆ ತಾರೀಖು ಸಮೇತ ಬರೀರಿ. ಬಿರುಕಿನ ತುದಿಗೂ ಒಂದು ಅಡ್ಡ ಗೀಟು. ಪ್ರತಿ ಅಮಾಸಿಗೆ ಅಳೀರಿ, ಅಮಾಸಿ ಮರಿಯಂಗಿಲ್ಲ. ಉಳಿದ ಗ್ವಾಡಿಗೆ ನಾ ಹಿಂಗ ಮಾಡಿದೆ. ಗೂಡಿನ ಮಗ್ಗಲ ಇನ್ನೂ ಆ ಬರಹ ಐತಿ: ಮೇ 112, ಸೆಪ್ಟೆಂಬರ್ 108, ಮುಂದಿನ ಏಪ್ರಿಲ್ 111. ಹಿಂಗ ಹೋಗಿ ಬಂದು ಮಾಡಿದ್ರ ಅದು ಎರಿ ನೆಲದ ಉಸಿರು, ಮನಿಗೆ ಗಂಡಾಂತರ ಅಲ್ಲ. 112, 114, 117 ಅಂತ ಒಂದೇ ದಿಕ್ಕಿಗೆ ನಡದ್ರ ಬುನಾದಿ ಕುಸಿಯಾಕ ಹತ್ತೈತಿ, ಅವಾಗ ಗಿಲಾವು ಸುದ್ದಿ ಬಿಟ್ಟು ಇಂಜಿನಿಯರ್ ಕರೀರಿ. ಬಿರುಕು ಅಗಲ ಆಗಾಕ ಹತ್ತೈತೇನು ನೋಡಾಕ ಅದರ ಮ್ಯಾಲೆ ಗಾಜಿನ ಚೂರು ಅಂಟಸ್ತಾರಲ್ಲ, ಅದು ಇಟ್ಟಂಗಿ-ಸಿಮೆಂಟ್ ಗ್ವಾಡಿಗೆ ಸರಿ. ಮಣ್ಣಿನ ಗ್ವಾಡ್ಯಾಗ ಗಾಜು ಒಡಿಯಂಗಿಲ್ಲ, ಅಂಟೇ ಬಿಟ್ಟು ಬರತೈತಿ.

ನಿಮ್ಮ ಕಡೆ ಇನ್ನೊಂದು ಐತಿ. ಮನಿ ಹಿಂದ ಭತ್ತದ ಗದ್ದಿ ಕಾಣತೈತಿ. ನಿಮ್ಮ ನೆಲ ಉಬ್ಬೋದು ಬರೇ ಮಳಿ ಲೆಕ್ಕದಾಗ ಅಲ್ಲ, ತುಂಗಭದ್ರಾ ಎಡದಂಡಿ ಕಾಲುವಿ ಲೆಕ್ಕದಾಗೂ. ಕಾಲುವಿಗೆ ನೀರು ಬಿಟ್ಟ ದಿನಾನೂ, ಗದ್ದಿ ಒಣಗಿಸಿದ ದಿನಾನೂ ಗ್ವಾಡಿ ಮ್ಯಾಲೆ ಬರಕೋರಿ. ಗದ್ದಿ ಕಡೆ ಗ್ವಾಡಿ ಒಂದು ಥರ, ಓಣಿ ಕಡೆ ಗ್ವಾಡಿ ಒಂದು ಥರ ನಡದ್ರ ಆಶ್ಚರ್ಯ ಪಡಬ್ಯಾಡ್ರಿ.

ಆದ್ರ ಕಾಯೋ ಮಾತು ಎಲ್ಲಾದಕ್ಕೂ ಅಲ್ಲ. ಜಂತಿ ತುದಿ ಗ್ವಾಡ್ಯಾಗ ಹೂತಿರ್ತಾವಲ್ಲ, ಮೊದಲು ಕೊಳಿಯೋದು ಅಲ್ಲೇ. ಸ್ಕ್ರೂಡ್ರೈವರ್ ತಗೊಂಡು ಒಂದೊಂದು ಜಂತಿ ಬುಡಕ್ಕ ಚುಚ್ಚಿ ನೋಡ್ರಿ. ಅರ್ಧ ಇಂಚು ಸಲೀಸಾಗಿ ಇಳದ್ರ ರೋಹಿಣಿ ಮಳಿ ಮೊದಲ ಕೆಳಗ ಟೇಕು ಕೊಟ್ಟು, ಆ ಕ್ವಾಣ್ಯಾಗ ಮಲಗೋದು ಬಿಡ್ರಿ. ದಾರಕ್ಕ ಕಲ್ಲು ಕಟ್ಟಿ ಗ್ವಾಡಿ ತಲಿಯಿಂದ ಇಳಿಬಿಡ್ರಿ, ನಡುವ ಹೊಟ್ಟಿ ಬಂದಿದ್ರ ಅದೂ ಹಂಗ. 2009ರಾಗ ನಾ ಇವೆರಡೂ ನೋಡಿರಲಿಲ್ಲ. ಎರಡನೇ ಫೋಟೋದಾಗ ಹಿಂದಿನ ಅಡಗಿಮನಿ ಸ್ಲ್ಯಾಬ್ ಕಾಣತೈತಿ, ಸರಳು ಹೊರಗ ಬಂದಾವ. ಸುತ್ತಿಗಿಲೆ ಮೆಲ್ಲಕ ಬಡೀರಿ, ಡಬ್ ಡಬ್ ಅನ್ನೋ ಜಾಗಾದಾಗೆಲ್ಲಾ ಕಾಂಕ್ರೀಟ್ ಸರಳು ಬಿಟ್ಟಂಗ. ಅದರ ಕೆಳಗ ಮದುವಿ ಅಡಗಿ ಒಲಿ ಹೂಡಬ್ಯಾಡ್ರಿ, ಕೈ ಮುಗದು ಹೇಳ್ತೀನಿ.

ಈ ಮೇ ತಿಂಗಳದಾಗ ಮಾಡೋ ಕೆಲಸ ಒಂದ, ನೀರಿನ ಕೆಲಸ. ಮೂರನೇ ಫೋಟೋದಾಗ ಬಚ್ಚಲ ನೀರು ಗ್ವಾಡಿ ಬುಡಕ್ಕ ನಿಂತೈತಿ, ಮಗ್ಗಲ ಬಾಳಿಗಿಡ ಹಚ್ಚೀರಿ. ಗ್ವಾಡಿಗೆ ವಿಷ ಹಾಕಿದಂಗ ಅದು. ಒಂದು ಮೂಲಿ ವರ್ಷಪೂರ್ತಿ ಹಸಿ, ಉಳಿದ ಮೂರು ಮೂಲಿ ಬೇಸಿಗ್ಯಾಗ ಒಣಾ, ಬಿರುಕು ಬರದ ಇನ್ನೇನು? ಪೈಪ್ ಹಾಕಿ ಕನಿಷ್ಠ 15 ಅಡಿ ದೂರ ಒಯ್ರಿ. ಮನಿ ಸುತ್ತ 3 ಅಡಿ ಅಗಲ, ಒಂದಡಿ ಎರಿ ತಗದು ಗರಸು ತುಂಬಿ ದಮ್ಮಸ್ ಹೊಡದು, ಮ್ಯಾಲೆ ಫರಸಿ ಹಾಸ್ರಿ, ಹೊರಗಡೆ 2 ಇಂಚು ಇಳುಕಲು ಇರಲಿ. ಎಚ್ಚರ, ಹಳೇ ಮನಿ ಬುನಾದಿ ಆಳ ಇರಂಗಿಲ್ಲ. ಜೆಸಿಬಿ ತಂದು ಒಂದೇ ದಿನ ಸುತ್ತಾ ಕಡದು ಬಿಟ್ರ ಮನಿನ ಕೈಬಿಟ್ಟಂಗ. ಐದಾರು ಅಡಿ ಕಡೀರಿ, ತುಂಬ್ರಿ, ಮುಂದಕ್ಕ ಹೋಗ್ರಿ. ಗ್ವಾಡಿ ಸನೇಕ ಇರೋ ಬೇವಿನ ಗಿಡಾನೂ ಈಗ ಕಡಿಸಬ್ಯಾಡ್ರಿ. ಅದು ಕುಡೀತಿದ್ದ ನೀರು ನೆಲದಾಗ ಉಳದು ಆ ಕಡೆ ಎರಿ ಉಬ್ಬತೈತಿ. ಟೊಂಗಿ ಸವರಿದ್ರ ಸಾಕು.

ಮಾಳಗಿಗೆ ಕರ್ಲಮಣ್ಣು (ಸವಳು ಮಣ್ಣು) ಹಾಕ್ಸೋದು ಮಿರಗದೊಳಗ ಮುಗಿಲಿ. ಕರ್ಲಮಣ್ಣು ತೊಯ್ದಕೂಡ್ಲೇ ಸಣ್ಣ ಸಣ್ಣ ಕಣ ಬಿಚ್ಚಿ ತೂತು ಮುಚ್ಚತೈತಿ, ನೀರು ಮ್ಯಾಲಿಂದ್ಲೇ ಹರದು ಹೋಗತೈತಿ. ಹಿರೇರು ಸುಮ್ಮನ ಹಾಕ್ತಿರಲಿಲ್ಲ. ಹಳೇ ಮಣ್ಣು ಕೆರದು ತಗದು ಹಾಕ್ರಿ, ವರ್ಷಾ ವರ್ಷಾ ಮ್ಯಾಲೆ ಮ್ಯಾಲೆ ಪೇರಿಸಿದ್ರ ಜಂತಿ ಬಗ್ಗತಾವ. ಮ್ಯಾಲೆ ಸಿಮೆಂಟ್ ಕೋಬಾ (ಕಾಂಕ್ರೀಟ್ ಪದರ) ಹಾಕಸು ಅನ್ನೋರ ಮಾತು ಕೇಳಬ್ಯಾಡ್ರಿ.

ಈಗ ಪುಟ್ಟಿ. ಯಾವ ಕಂಪನಿದೂ ಬ್ಯಾಡ. ಏಷಿಯನ್, ಬರ್ಜರ್, ಬಿರ್ಲಾ ಎಲ್ಲಾ ಚಲೋನ, ಸಿಮೆಂಟ್ ಗ್ವಾಡಿಗೆ. ನಿಮ್ಮ ಗ್ವಾಡಿಗೆ ಸುಣ್ಣ, ಬುಡಕ್ಕ ಕೆಮ್ಮಣ್ಣಿನ ಪಟ್ಟಿ. ಶ್ರಾವಣದಾಗ ಹಂದರದ ಮುಂದ ಅದಕ್ಕಿಂತ ಚಂದ ಯಾವುದೂ ಕಾಣಂಗಿಲ್ಲ. ಇಲ್ಲೊಬ್ಬರು ಡಾಕ್ಟರ್ ಫಿಕ್ಸಿಟ್ ಎಲ್‌ಡಬ್ಲ್ಯೂ ಪ್ಲಸ್ (ನೀರು ತಡಿಯೋ ದ್ರವ) ಬ್ರಷ್‌ಲೆ ಬಳೀರಿ ಅಂದಾರ. ಅದು ಬಳಿಯೋದಲ್ಲ, ಮಾಲು ಕಲಸೋವಾಗ ಸಿಮೆಂಟ್ ಚೀಲಕ್ಕ 200 ಮಿಲಿ ಹಾಕೋದು. ಡಬ್ಬಿ ಮ್ಯಾಲೆ ಬರದಿರ್ತೈತಿ, ಓದಿ ಸಲಹೆ ಕೊಡ್ರಿ ಮಾರಾಯ್ರ.

ಅಡಗಿಮನಿ ಸ್ಲ್ಯಾಬ್ ಹೊಸದು ಹಾಕೋದಿದ್ರ ಅದೂ ದೀಪಾವಳಿ ಆದ ಮ್ಯಾಲೆ. ಈ ಬಿಸಲಾಗ ಕ್ಯೂರಿಂಗ್‌ಗೆ ನೀರೆಲ್ಲಿ? ಕಾಲುವಿಯಾಗೂ ಸಾಮಾನ್ಯವಾಗಿ ನೀರಿರಂಗಿಲ್ಲ, ಬೋರ್ ನೀರು ಸವಳು. ಸರಳಿರೋ ಕಾಂಕ್ರೀಟ್‌ಗೆ ಲೀಟರ್‌ಗೆ 500 ಮಿಲಿಗ್ರಾಂ ಕ್ಲೋರೈಡ್ ದಾಟಿದ ನೀರು ನಡಿಯಂಗಿಲ್ಲ, ಟೆಸ್ಟ್ ಮಾಡ್ಸಿ ಬಳಸ್ರಿ. ಬಿರುಕು ತುಂಬೋದು, ಮಣ್ಣಿನ ಗಿಲಾವು ಕೂಡ ಆವಾಗ್ಲೇ, ನೆಲ ಪೂರ್ತಿ ಉಬ್ಬಿಯೂ ಇರಂಗಿಲ್ಲ, ಪೂರ್ತಿ ಒಣಗಿಯೂ ಇರಂಗಿಲ್ಲ. ಮಣ್ಣಿಗೆ ಹೊಟ್ಟು ಹಾಕಿ ಎಂಟು ದಿನ ಕೊಳೆಸಿ ತುಳೀರಿ. ಗೌಂಡಿಗೆ ದಸರಾಕ್ಕ ಹೇಳಿಟ್ಟಿರ್ರಿ, ಆಮ್ಯಾಲೆ ಆಳು ಹತ್ತಿ ಬಿಡಸಾಕ ಹೋಗ್ತಾರ.

ಮನಿ ಇನ್ನೂ ಅಜ್ಜನ ಹೆಸರಿಲೆ ಐತಿ ಅಂದ್ರಿ. ದೊಡ್ಡ ರೊಕ್ಕ ಹಾಕೋ ಮೊದಲು ಕಾಕಾಗೋಳ ಕೂಡ ಕುಂತು ಮಾತಾಡಿ, ಪಂಚಾಯ್ತಿಯಾಗ ಇ-ಸ್ವತ್ತು (ಆಸ್ತಿ ದಾಖಲೆ) ಫಾರ್ಮ್ 9 ಮತ್ತ 11ಎ ತಗಸ್ರಿ. ಗಿಲಾವು ಆದ ಮ್ಯಾಲೆ ಪಾಲು ಕೇಳಿದ್ರ ಗ್ವಾಡಿ ಬಿರುಕಿಗಿಂತ ದೊಡ್ಡ ಬಿರುಕು ಮಂದ್ಯಾಗ ಬರತೈತಿ.

ನಾಳೆ ಹೊತ್ತು ಏರೋ ಮೊದಲ ಎರಡು ಮೊಳಿ ಹೊಡದು ಅಳತಿ ಇಲ್ಲೇ ಹಾಕ್ರಿ. ಬಚ್ಚಲ ಹಿಂದಿನ ಗ್ವಾಡಿ ಬುಡದ ಫೋಟೋನೂ ಬೇಕು, ಸನೇಕ ಹೋಗಿ ತಗೀರಿ.